ಡಾಂಬರು ಯಾರ ಪದ?

ಮೊನ್ನೆ ಪುಟ್ಟೇನಹಳ್ಳಿಯ ನಮ್ಮ ಬೀದಿಗೆ ರಾತ್ರೋರಾತ್ರಿ ಡಾಂಬರು ಹಾಕಿದರು. ಬೆಳಗ್ಗೆ ಆಫೀಸಲ್ಲಿ ಖುಷಿಯಿಂದ ಹೇಳಿದರೆ ಪಕ್ಕದ ಟೀಮಿನ ಹುಡುಗ ನಕ್ಕ. "ಡಾಂಬರಾ? ಯಾವ ಕಾಲದವ್ನು ಗುರು ನೀನು? ಟಾರ್ಮ್ಯಾಕ್ ಅನ್ನು!" ನಾನೂ ನಕ್ಕೆ. ಆದರೆ ಒಳಗೆ ಚುರ್ ಅಂತು. ಹಾನಗಲ್ ಕಡೆಯ ಹಳ್ಳಿಯಿಂದ ಬಿಇ ಓದೋಕೆ ಬಂದಾಗ ಇಂಥ ಎಷ್ಟೋ ಪದಗಳನ್ನು ನಾಚಿಕೆಯಿಂದ ನುಂಗಿಕೊಂಡವನು ನಾನು.

ಸರಿ, ಅವನ ಪದದಿಂದಲೇ ಶುರು ಮಾಡೋಣ. ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್‌ಆಡಮ್ (1756–1836) ರಸ್ತೆಗೆ ದೊಡ್ಡ ಬಂಡೆಗಳ ತಳಪಾಯ ಬೇಡ ಅಂದ. ಸಣ್ಣದಾಗಿ ಒಡೆದ ಕಲ್ಲು ಹರಡಿ, ನೀರು ನಿಲ್ಲದಂತೆ ನೋಡಿಕೊಂಡರೆ ಗಾಡಿಗಳ ಭಾರಕ್ಕೆ ಕಲ್ಲುಗಳೇ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ ಅನ್ನೋದು ಅವನ ಲೆಕ್ಕ. ಮೋಟಾರು ಕಾರು ಬಂದಾಗ ಆ ರಸ್ತೆಗಳಲ್ಲಿ ವಿಪರೀತ ಧೂಳು. 1901ರಲ್ಲಿ ಎಡ್ಗರ್ ಹೂಲಿ ಎಂಬಾತ ಇಂಗ್ಲೆಂಡಿನ ಕಬ್ಬಿಣದ ಕಾರ್ಖಾನೆಯೊಂದರ ಬಳಿ, ಚೆಲ್ಲಿದ ಟಾರಿನ ಮೇಲೆ ಯಾರೋ ಕಬ್ಬಿಣದ ಕಿಟ್ಟ ಸುರಿದಿದ್ದನ್ನು ಕಂಡ. ಅಲ್ಲಿ ನೆಲ ಗಟ್ಟಿಯಾಗಿತ್ತು, ಧೂಳೂ ಇರಲಿಲ್ಲ. ಮರುವರ್ಷ ಪೇಟೆಂಟ್ ಪಡೆದ. ಟಾರ್ ಮತ್ತು ಮೆಕ್‌ಆಡಮ್ ಸೇರಿ ಟಾರ್ಮ್ಯಾಕ್. ಅಂದಹಾಗೆ, ಸ್ಕಾಟ್ಲೆಂಡಿನ ಗೇಲಿಕ್ ನುಡಿಯಲ್ಲಿ 'ಮ್ಯಾಕ್' ಅಂದ್ರೆ ಮಗ. ನಮ್ಮ ಬೆಂಗಳೂರು ಲೆಕ್ಕದಲ್ಲಿ 'ಟಾರ್ ಮಗಾ'!

ಇನ್ನು ನನ್ನ ಡಾಂಬರು. ಇದರ ಬೇರು ಮಲಯ್ ಭಾಷೆಯ 'ದಾಮರ್'. ಅಂದರೆ ಮರದ ಅಂಟು, ಅದರಿಂದ ಮಾಡಿದ ಪಂಜು. ಹಡಗಿನ ಹಲಗೆಗಳ ಸಂದಿಗೆ ನೀರು ನುಗ್ಗದಂತೆ ಅದನ್ನು ಮೆತ್ತುತ್ತಿದ್ದರು. 1886ರ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲೂ ಈ ಪದ ಇದೆ. ಹಿಂದಿಯಲ್ಲಿ ಡಾಮರ್, ಮರಾಠಿಯಲ್ಲಿ ಡಾಂಬರ್. ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಅಂಟನ್ನು ಇಂಗ್ಲಿಷಿನಲ್ಲಿ ಈಗಲೂ ಬಿಳಿ ಡಾಮರ್ ಅಂತಲೇ ಕರೆಯೋದು. ಮುಂದೆ ಕಲ್ಲಿದ್ದಲಿನ ಟಾರು ಬಂತು. ಅದೂ ಕಪ್ಪು, ಅದೂ ಅಂಟು, ಕೆಲಸವೂ ಅದೇ. ಹಳೇ ಹೆಸರೇ ಸಾಕಾಯ್ತು. ನಮ್ಮ ಕಡೆ ಟ್ರಂಕಿನೊಳಗೆ ಬಟ್ಟೆ ನಡುವೆ ಇಡುವ ನುಸಿಗುಳಿಗೆಗೆ 'ಡಾಂಬರ ಗುಳಿಗಿ' ಅನ್ನೋದೂ ಸುಮ್ಮನೆ ಅಲ್ಲ. ಅದರ ನ್ಯಾಫ್ತಲೀನ್ ಸಿಗುತ್ತಿದ್ದದ್ದು ಕಲ್ಲಿದ್ದಲಿನ ಟಾರಿನಿಂದಲೇ.

ಇವತ್ತು ರಸ್ತೆಗೆ ಬೀಳೋದು ಟಾರೂ ಅಲ್ಲ, ಕಚ್ಚಾತೈಲ ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್. ವಸ್ತು ಎರಡು ಸಲ ಬದಲಾಯ್ತು, ಹೆಸರು ಉಳೀತು. ಪತ್ರಿಕೆಗಳು ಅದಕ್ಕೆ ಸಂಸ್ಕೃತದ ಬಾಲ ಹಚ್ಚಿ 'ಡಾಂಬರೀಕರಣ' ಅಂತಲೂ ಬರೆದವು.

ಇನ್ನೂ ಒಂದು ಮಜಾ ಇದೆ. ಇಂಗ್ಲಿಷಿನ 'ಟಾರ್' ಕೂಡ ಮೂಲದಲ್ಲಿ ಮರದ್ದೇ. ಅದೂ ಸಂಸ್ಕೃತದ 'ದಾರು' (ಮರ, ಕಟ್ಟಿಗೆ, ದೇವದಾರುವಿನ ದಾರು) ಪದವೂ ಒಂದೇ ಬೇರಿನವು. ಅವನ ಟಾರು, ನನ್ನ ಡಾಂಬರು, ಎರಡೂ ಕಾಡಿನಿಂದಲೇ ಬಂದವು. ಇದರಲ್ಲಿ ಯಾವುದು ಪೇಟೆ, ಯಾವುದು ಹಳ್ಳಿ?

ಆದರೆ ನಾನು ಈ ಪದ ಕಲಿತದ್ದು ನಿಘಂಟಿನಿಂದ ಅಲ್ಲ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅವ್ವ ರಸ್ತೆ ಕೆಲಸಕ್ಕೆ ಹೋಗ್ತಿದ್ದಳು. ಕಾಲಿಗೆ ಗೋಣಿತಟ್ಟು ಸುತ್ತಿಕೊಂಡು, ತಲೆ ಮೇಲೆ ಕಡಿ ತುಂಬಿದ ಬುಟ್ಟಿ ಹೊರೋದು. ಸಂಜೆ ಬಂದು ಚಿಮಣಿ ಎಣ್ಣೆಯಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆಯೋಳು. ಮೊಣಕೈ ಹತ್ತಿರ ಸುಟ್ಟ ಕಲೆ ಈಗಲೂ ಇದೆ. ಆಫೀಸಲ್ಲಿ ನಾನು ನಕ್ಕಿದ್ದು ಆ ಕಲೆಯನ್ನೇ ಮುಚ್ಚಿಟ್ಟ ಹಾಗಾಯ್ತಲ್ಲ ಅನ್ನಿಸಿತು.

ರಾತ್ರಿ ಫೋನ್ ಮಾಡಿ ಈ ಕತೆಯೆಲ್ಲ ಹೇಳಿದೆ. ಡಾಂಬರು ಅಂದ್ರೆ ಮೊದಲು ಮರದ ಅಂಟು ಅಂತ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಮರದ ಅಂಟ ಆಗಿದ್ರ ಇಷ್ಟ ಸುಡ್ತಿರಲಿಲ್ಲ ಬಿಡಪಾ."

ಮರುದಿನ ಆ ಹುಡುಗನಿಗೆ ಕಾಫಿ ಕುಡಿಸಿ ಹೇಳಿದೆ, "ನಮ್ ರೋಡಿಗೆ ಬಂದಿದ್ದು ಡಾಂಬರೇ ಗುರು."