1918ರ ಇನ್‌ಫ್ಲುಯೆಂಜಾ ಜ್ವರವೂ ದವಾಖಾನೆಯ ಸಿದ್ಧತೆಯೂ

ಸಾಂಕ್ರಾಮಿಕ ರೋಗವನ್ನು ಎದುರಿಸುವ ಸಿದ್ಧತೆಯು ಬಹುಮಟ್ಟಿಗೆ ಹಿಂದಣ ರೋಗದ ಅನುಭವದಿಂದಲೇ ಹುಟ್ಟುವದು. ಮುಂದೆ ಬರುವ ರೋಗವು ಬೇರೆ ಬಗೆಯದಾದರೆ ಆ ಸಿದ್ಧತೆಯು ನಿಷ್ಫಲವಾಗುವದುಂಟು. 1918ನೆಯ ಇಸವಿಯ ಇನ್‌ಫ್ಲುಯೆಂಜಾ ಜ್ವರವು ಇದಕ್ಕೆ ಸಾಕ್ಷಿಯಾಗಿದೆ.

ಈಗ ಹಾವೇರಿ ಜಿಲ್ಲೆಗೆ ಸೇರಿರುವ ಚಿಕ್ಕೇರೂರು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ, ಹಿರೇಕೆರೂರನ್ನು ಕಚೇರಿಯ ಊರಾಗಿ ಉಳ್ಳ ಕೋಡ ತಾಲೂಕಿಗೆ, ಸೇರಿತ್ತು. ಈ ಸೀಮೆಯವರಿಗೆ ಪ್ಲೇಗು ಹೊಸದಾಗಿರಲಿಲ್ಲ. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವದನ್ನು ಜನರು ಕಲಿತಿದ್ದರು. ಹಾಫ್‌ಕಿನ್ನನ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಚುಚ್ಚಿಸಿಕೊಂಡಿದ್ದರು.

ಇನ್‌ಫ್ಲುಯೆಂಜಾಕ್ಕೆ ಇಂಥ ಮುನ್ಸೂಚನೆಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. 1918ರ ಜೂನ್ ತಿಂಗಳಲ್ಲಿ ಮುಂಬಯಿ ಬಂದರದ ಪೋಲೀಸ್ ಸಿಪಾಯಿಗಳಲ್ಲಿ ಮೊದಲು ಕಾಣಿಸಿಕೊಂಡ ಈ ಜ್ವರವು ಕೆಲವು ವಾರಗಳಲ್ಲಿ ಇಳಿಯಿತು. ಸೆಪ್ಟೆಂಬರದಲ್ಲಿ ಘೋರರೂಪ ತಾಳಿ ಮರಳಿತು. ಅಕ್ಟೋಬರ 6ರಂದು ಒಂದೇ ದಿನ ಮುಂಬಯಿ ಪಟ್ಟಣದಲ್ಲಿ 768 ಜನರು ಮೃತರಾದರು. ಉಸಿರಿನ ಮೂಲಕ ಹಬ್ಬುವ ಈ ಬೇನೆಗೆ ರೈಲುಮಾರ್ಗವೇ ಹೆದ್ದಾರಿಯಾಯಿತು. ಮರಾಠಿ ಜನರು ಇದನ್ನು ‘ಮಾನಮೋಡಿ’, ಎಂದರೆ ಕುತ್ತಿಗೆ ಮುರಿಯುವದು, ಎಂದು ಕರೆದರು.

ಆಗ ದವಾಖಾನೆಗಳ ಬಲವೂ ಕುಗ್ಗಿತ್ತು. ಅನೇಕ ವೈದ್ಯರು ಮಹಾಯುದ್ಧದ ಸೇವೆಗೆ ಹೋಗಿದ್ದರು. ರೋಗಕ್ಕೆ ಫೈಫರನು 1892ರಲ್ಲಿ ವರ್ಣಿಸಿದ ಕ್ರಿಮಿಯೇ ಕಾರಣವೆಂಬ ತಪ್ಪು ನಂಬಿಕೆಯಿತ್ತು. ಮಾನವರ ಇನ್‌ಫ್ಲುಯೆಂಜಾ ವೈರಸ್ಸು ಗೊತ್ತಾದದ್ದು 1933ರಲ್ಲಿ. ಜ್ವರದ ಹಿಂದೆಯೇ ಬರುವ ಪುಪ್ಪುಸದ ಉರಿಗೆ ಪೆನಿಸಿಲಿನ್ ಮೊದಲಾದ ಔಷಧಗಳೂ ಇನ್ನೂ ಬಂದಿರಲಿಲ್ಲ. ಆದುದರಿಂದ ವೈದ್ಯರ ಕೈಯಲ್ಲಿದ್ದ ನಿಜವಾದ ಚಿಕಿತ್ಸೆಯೆಂದರೆ ಶುಶ್ರೂಷೆಯೇ: ವಿಶ್ರಾಂತಿ, ನೀರು, ಗಂಜಿ, ಒಳ್ಳೆಯ ಗಾಳಿ.

ಆದರೆ ಮನೆಯವರೆಲ್ಲರೂ ಒಮ್ಮೆಲೇ ಹಾಸಿಗೆ ಹಿಡಿದಲ್ಲಿ ಗಂಜಿ ಕಾಯಿಸುವವರು ಯಾರು? ಮುಂಬಯಿ, ಬೆಂಗಳೂರುಗಳಂಥ ಪಟ್ಟಣಗಳಲ್ಲಿ ಸ್ವಯಂಸೇವಕರು ಔಷಧೋಪಚಾರಗಳನ್ನು ಮನೆಬಾಗಿಲಿಗೆ ಒಯ್ದರು. ರೈಲಿನಿಂದಲೂ ದವಾಖಾನೆಯಿಂದಲೂ ದೂರವಿದ್ದ ಹಳ್ಳಿಗಳಿಗೆ ಆ ಆಸರೆಯು ದುರ್ಲಭವಾಗಿತ್ತು. ಅದೇ ವರ್ಷ ಮಳೆಯು ಕೈಕೊಟ್ಟು ಧಾನ್ಯವು ತುಟ್ಟಿಯಾಗಿದ್ದಿತು. ಮುಂಬಯಿ ಇಲಾಖೆಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನರು ಗತಿಸಿದರು. ಅವರಲ್ಲಿ ಇಪ್ಪತ್ತರಿಂದ ನಾಲ್ವತ್ತರ ಪ್ರಾಯದವರೇ ವಿಶೇಷ. ಅವರಲ್ಲಿಯೂ ಗಂಡಸರಿಗಿಂತ ಹೆಂಗಸರು ಹೆಚ್ಚು. ರೋಗಿಗಳ ಆರೈಕೆಗೆ ನಿಂತವರೇ ರೋಗಕ್ಕೆ ಆಹುತಿಯಾದದ್ದು ಇದಕ್ಕೆ ಒಂದು ಕಾರಣವಾಗಿರಬಹುದು. 1921ರ ಖಾನೇಷುಮಾರಿಯಲ್ಲಿ ಭಾರತದ ಈಗಿನ ಪ್ರದೇಶದ ಜನಸಂಖ್ಯೆಯು 1911ಕ್ಕಿಂತ ಕಡಿಮೆಯಾಗಿ ಕಂಡಿತು.

ಇಂದಿನ ಆಸ್ಪತ್ರೆಗಳಲ್ಲಿ ಜ್ವರದವರಿಗೆ ಪ್ರತ್ಯೇಕ ಕೋಣೆ, ಮುಖಕ್ಕೆ ಮಾಸ್ಕು, ಆಮ್ಲಜನಕ, ದಾದಿಯರಿಗೆ ಮುಂಚಿತವಾಗಿ ಲಸಿಕೆ, ಇವು ಸಿದ್ಧತೆಯ ಅಂಗಗಳೆನಿಸಿವೆ. ಆದರೂ ಆಸ್ಪತ್ರೆಯ ಗೋಡೆಗಳೊಳಗೆ ಮುಗಿಯುವ ಸಿದ್ಧತೆಯು ಅರೆಸಿದ್ಧತೆಯೇ ಸರಿ. 2020ರಲ್ಲಿ ಕೊರೋನಾ ಬಂದಾಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜ್ವರದವರನ್ನು ವಿಚಾರಿಸಿದರು. 1918ರಲ್ಲಿ ಹಳ್ಳಿಗಳಿಗೆ ಒದಗದಿದ್ದುದು ಈ ವಿಚಾರಣೆಯೇ.