ಗಾಳಿ ಮತ್ತು ಗಿಡುಗ: ಕೇಪ್ ಮೇ ಕಡಲತುದಿಯ ಎಣಿಕೆಯನ್ನು ಓದುವ ಬಗೆ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ದಕ್ಷಿಣ ತುದಿ ಕೇಪ್ ಮೇ. ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ, ಪಶ್ಚಿಮಕ್ಕೆ ಡೆಲವೇರ್ ಕೊಲ್ಲಿ. ಶರತ್ಕಾಲದಲ್ಲಿ ದಕ್ಷಿಣಕ್ಕೆ ವಲಸೆ ಹೋಗುವ ಬೇಟೆಹಕ್ಕಿಗಳನ್ನು ಇಲ್ಲಿ 1976ರಿಂದ ಕ್ರಮವಾಗಿ ಎಣಿಸುತ್ತ ಬಂದಿದ್ದಾರೆ. ಈ ಅಂಕಿಗಳನ್ನು ನೇರವಾಗಿ ಹಕ್ಕಿಗಳ ಗಣತಿಯೆಂದು ಓದಬಾರದು ಎಂಬುದು ನನ್ನ ವಾದ.

ಮೊದಲ ಕಾರಣ ಗಾಳಿ. ಶೀತಮಾರುತ ಹಾದುಹೋದ ಬೆನ್ನಿಗೆ ವಾಯವ್ಯದಿಂದ ಗಾಳಿ ಬೀಸಿದರೆ ಹಕ್ಕಿಗಳು ಕಡಲಂಚಿಗೆ ಸರಿಯುತ್ತವೆ; ನೀರಿನ ಮೇಲೆ ಹೋಗಲೊಲ್ಲದೆ ದಂಡೆಗುಂಟ ಇಳಿದು ತುದಿಯಲ್ಲಿ ಒಟ್ಟಾಗುತ್ತವೆ. ಗಾಳಿ ತಿರುಗಿದರೆ ಆಕಾಶ ಬರಿದು. ಗಿಡುಗಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದ ಹಿಂದಿನ ಕಾಲದ ಬೇಟೆಗಾರರೂ ಇದೇ ಗಾಳಿಗೆ ಕಾಯುತ್ತಿದ್ದರು.

ಎರಡನೆಯ ಕಾರಣ ಹಕ್ಕಿಯ ಪ್ರಾಯ ಮತ್ತು ಜಾತಿ. ಶಾರ್ಪ್-ಶಿನ್ಡ್ ಗಿಡುಗವನ್ನೇ ನೋಡಿ. ಬೆಳೆದ ಹಕ್ಕಿಯ ಬೆನ್ನು ನೀಲಿಬೂದು, ಎದೆಯ ಮೇಲೆ ಕೆಂಗಂದಿನ ಅಡ್ಡಪಟ್ಟೆ. ಆದರೆ ಇಲ್ಲಿ ಹಾಯುವವುಗಳಲ್ಲಿ ಹೆಚ್ಚಿನವು ಬೆನ್ನು ಕಂದು, ಎದೆಯುದ್ದಕ್ಕೂ ಕಂದು ಗೀರುಗಳಿರುವ ಅದೇ ವರ್ಷದ ಮರಿಗಳು. ನಾಲ್ಕಾರು ಬಾರಿ ಬಿರುಸಾಗಿ ರೆಕ್ಕೆ ಬಡಿದು, ಒಂದಿಷ್ಟು ತೇಲಿ, ಮತ್ತೆ ಬಡಿಯುತ್ತ ಬರುವ ಈ ಹಕ್ಕಿ ಸುಮಾರು 18 ಕಿ.ಮೀ. ಅಗಲದ ಕೊಲ್ಲಿಯ ಬಾಯಿ ಎದುರಾದಾಗ ಎಷ್ಟೋ ಸಲ ಹಿಂದಿರುಗಿ, ಕೊಲ್ಲಿಯ ದಡ ಹಿಡಿದು ಉತ್ತರಕ್ಕೆ ಏರುತ್ತದೆ. ಉದ್ದ ರೆಕ್ಕೆಯ ಪೆರೆಗ್ರಿನ್ ಚಾಣ, ಮೀನು ಹಿಡಿಯುವ ಆಸ್ಪ್ರೇ ಅಷ್ಟಾಗಿ ಅಳುಕದೆ ನೀರು ದಾಟುತ್ತವೆ. ಹೀಗಾಗಿ ಒಂದೇ ಕಡೆಯ ಎಣಿಕೆ ಎಲ್ಲ ಜಾತಿಗೂ ಒಂದೇ ಅರ್ಥ ಕೊಡುವುದಿಲ್ಲ.

ಹಾಗೆಂದು ಈ ದಾಖಲೆ ನಿರುಪಯುಕ್ತವಲ್ಲ. ಡಿಡಿಟಿ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಅಮೆರಿಕದ ಪೂರ್ವ ಭಾಗದಲ್ಲಿ ಪೆರೆಗ್ರಿನ್ ಗೂಡುಕಟ್ಟುವುದೇ ನಿಂತಿತ್ತು. 1972ರ ನಿಷೇಧ ಮತ್ತು ಸಾಕಿ ಬಿಟ್ಟ ಮರಿಗಳಿಂದ ಅದು ಚೇತರಿಸಿಕೊಂಡದ್ದು ಈ ತೀರದ ಎಣಿಕೆಯಲ್ಲೂ ಕಂಡಿತು. ಅಮೆರಿಕನ್ ಕೆಸ್ಟ್ರೆಲ್ ಇಳಿಮುಖವಾದದ್ದೂ ಅಷ್ಟೇ ಸ್ಪಷ್ಟ. ದಶಕಗಳ ಒಲವು ನಂಬಲರ್ಹ. ಒಂದು ವರ್ಷದ ಏರಿಳಿತ ಅಲ್ಲ.

ಆದ್ದರಿಂದ ಕೇಪ್ ಮೇ ಅಂಕಿಗಳನ್ನು ಬಳಸುವ ಸಂಶೋಧಕರು ದಿನದ ಗಾಳಿಯನ್ನೂ ಹಕ್ಕಿಯ ಪ್ರಾಯವನ್ನೂ ಜೊತೆಗಿಟ್ಟುಕೊಳ್ಳಬೇಕು. 1934ರಲ್ಲೇ ಎಣಿಕೆ ಆರಂಭಿಸಿದ ಒಳನಾಡಿನ ವೀಕ್ಷಣಾ ತಾಣ ಹಾಕ್ ಮೌಂಟನ್‌ನ ದಾಖಲೆಯೊಂದಿಗೆ ಹೋಲಿಸದೆ ತೀರ್ಮಾನಕ್ಕೆ ಬರಬಾರದು.