ಕುಲಕರ್ಣಿ: ವತನ ಹೋಗಿ ಉಳಿದ ಹೆಸರು

ಪುಣೆಯ ಬಿಬವೇವಾಡಿಯಲ್ಲಿ ನೆಲೆಸಿರುವ ನಮ್ಮನ್ನು, ಕುಲಕರ್ಣಿ ಎಂಬ ಅಡ್ಡಹೆಸರು ಕೇಳಿದೊಡನೆ, ಎಲ್ಲರೂ ಮರಾಠಿಗರೆಂದೇ ಭಾವಿಸುತ್ತಾರೆ. ಮಗಳ ಶಾಲೆಯವರು ಮಾತೃಭಾಷೆಯ ಕಾಲಮಿನಲ್ಲಿ ನಮ್ಮನ್ನು ಕೇಳದೆಯೇ ಮರಾಠಿ ಎಂದು ಬರೆದುಕೊಂಡಿದ್ದರು. ವಿಜಯಪುರದ ಡೋಣಿ ನದಿಯ ಸೀಮೆಯಿಂದ ಬಂದ ಕನ್ನಡ ಮನೆತನಕ್ಕೆ ಈ ಹೆಸರು ಅಂಟಿದ ಬಗೆಯನ್ನು ನಮಗೆ ಬಿಡಿಸಿ ಹೇಳಿದವರು, ಕಳೆದ ವರ್ಷ ತೀರಿಕೊಂಡ ನಮ್ಮ ಕಾಕಾ.

ಕುಲಕರ್ಣಿ ಎಂಬುದು ಮೂಲತಃ ಹುದ್ದೆಯ ಹೆಸರು. ಕಂದಾಯ ತೆರುವ ರೈತನಿಗೆ ಕನ್ನಡದಲ್ಲಿ ‘ಕುಳ’ ಎನ್ನುತ್ತೇವೆ. ಲೆಕ್ಕ ಬರೆಯುವವನು ‘ಕರಣಿಕ’. ಊರಿನ ಕುಳಗಳ ಲೆಕ್ಕವಿಡುವವನೇ ಕುಲಕರ್ಣಿ ಎಂದು ಕಾಕಾ ಪದವನ್ನು ಒಡೆದು ತೋರಿಸುತ್ತಿದ್ದರು. ಇದೇ ಕೆಲಸ ಮಾಡುವವನು ಶಾಸನಗಳಲ್ಲಿ ಸೇನಬೋವ, ಮೈಸೂರು ಸೀಮೆಯಲ್ಲಿ ಶಾನುಭೋಗ. ಪರಗಣೆಯ ಮಟ್ಟದಲ್ಲಿ ದೇಸಾಯಿ ಮುಖ್ಯಸ್ಥ, ದೇಶಪಾಂಡೆ ಲೆಕ್ಕಿಗ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ರಾ. ಹ. ದೇಶಪಾಂಡೆಯವರ ಅಡ್ಡಹೆಸರೂ ಅಂಥ ಹುದ್ದೆಯಿಂದ ಬಂದದ್ದೇ. ಕನ್ನಡಕ್ಕಾಗಿ ದುಡಿಯಲು ಅವರಿಗೆ ಅದು ಅಡ್ಡಬರಲಿಲ್ಲ.

ವಿಜಯಪುರದ ಒಂದನೆಯ ಇಬ್ರಾಹಿಂ ಆದಿಲಶಾಹನು 16ನೆಯ ಶತಮಾನದಲ್ಲಿ ಕಂದಾಯದ ಲೆಕ್ಕವನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿದನು. ಆ ದಫ್ತರಗಳಲ್ಲಿ ಮರಾಠಿ ಬೇರೂರಿತು. 1760ರಲ್ಲಿ ವಿಜಯಪುರವು ಪೇಶವೆಯರ ವಶವಾದ ಮೇಲೆ ಮೋಡಿ ಲಿಪಿಯ ಬಳಕೆ ಇನ್ನಷ್ಟು ಗಟ್ಟಿಯಾಯಿತು. ಮುಂದೆ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದಾಗ, ಸರ್ಕಾರಿ ಕಾಗದಗಳಲ್ಲಿ ವತನದ ಹೆಸರೇ ಅಡ್ಡಹೆಸರಾಗಿ ನಿಂತಿತು. ನಮ್ಮ ದಾಯಾದಿಗಳಲ್ಲಿ ಸೋಲಾಪುರಕ್ಕೆ ಹೋದವರು ಊರಿನ ಹೆಸರಿಗೆ ‘ಕರ’ ಸೇರಿಸಿಕೊಂಡರು. ಮೈಸೂರು ಸೇರಿದವರು ಊರಿನ ಮೊದಲಕ್ಷರವನ್ನಷ್ಟೇ ಹೆಸರಿನ ಮುಂದೆ ಇಟ್ಟುಕೊಂಡರು. ಒಂದೇ ಮನೆತನಕ್ಕೆ ಹೀಗೆ ಮೂರು ಗುರುತುಗಳು.

ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸಿದ್ದು 1950ರ ಮುಂಬಯಿ ಕಾಯ್ದೆ. ಅಜ್ಜ ಊರಿನ ದಫ್ತರವನ್ನು ಸಂಬಳದ ತಲಾಠಿಗೆ ಒಪ್ಪಿಸಿ ಬಂದು, ಟಾಕು ತೊಳೆದು ಕಟ್ಟೆಯ ಮೇಲೆ ಒಣಗಲಿಟ್ಟದ್ದನ್ನು ಕಾಕಾ ಬಾಲಕರಾಗಿ ಕಂಡಿದ್ದರು. ಆ ನೆನಪನ್ನು ಅವರು ಎಂದೂ ಗೋಳಾಗಿ ಹೇಳಲಿಲ್ಲ. “ಹೆಸರಿನ ಮ್ಯಾಲೆ ಭಾಳ ಅಭಿಮಾನ ಬ್ಯಾಡಪಾ. ಮಂದಿ ಹೊಲಾ ನಮ್ಮ ಟಾಕಿನ ತುದೀಗೆ ಇತ್ತು. ನೆಟ್ಟಗ ಬರದವ್ರೂ ಇದ್ರು, ಸೊಟ್ಟ ಬರದವ್ರೂ ಇದ್ರು” ಎನ್ನುತ್ತಿದ್ದರು. ಅವರು ಕನ್ನಡ ಶಾಲೆಯ ಮಾಸ್ತರಿಕೆಯನ್ನು ಆರಿಸಿಕೊಂಡದ್ದರ ಹಿಂದೆ ಈ ಅರಿವೂ ಇದ್ದಿರಬೇಕು.

ಕೊನೆಯ ವರ್ಷಗಳಲ್ಲಿ ಬಿಬವೇವಾಡಿಯ ನಮ್ಮ ಮನೆಯಲ್ಲಿದ್ದಾಗ, ಅಜ್ಜ ಉಳಿಸಿಕೊಂಡಿದ್ದ ನಕಲುಗಳ ರುಮಾಲನ್ನು ಬಿಚ್ಚಿ ಮಧ್ಯಾಹ್ನವೆಲ್ಲ ಓದುತ್ತಿದ್ದರು. ಲಿಪಿ ಮೋಡಿ, ಒಕ್ಕಣೆ ಮರಾಠಿ. ಆದರೆ ನಡುನಡುವೆ ಹುಣಸಿಮರದ ಹೊಲ, ಹಳ್ಳದ ಪಟ್ಟಿ, ಸವುಳು ಹೊಲ ಎಂಬ ಅಚ್ಚಗನ್ನಡದ ಹೆಸರುಗಳು. ದೊರೆಗಳ ಲೆಕ್ಕಕ್ಕೆ ಭಾಷೆ ಬದಲಾದರೂ ನೆಲದ ಹೆಸರನ್ನು ಬದಲಿಸಲು ಯಾವ ಕುಲಕರ್ಣಿಯೂ ಹೋಗಿರಲಿಲ್ಲ. ಆ ಹೆಸರುಗಳನ್ನೆಲ್ಲ ಕಾಕಾ ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಇಳಿಸತೊಡಗಿದ್ದರು. ನೋಟುಬುಕ್ಕು ಅರ್ಧ ತುಂಬಿದೆ. ಉಳಿದ ಕಾಗದಗಳನ್ನು ಓದಬಲ್ಲವರು ಈಗ ಮನೆಯಲ್ಲಿ ಇಲ್ಲ. ಪುಣೆಯಲ್ಲಿ ಮೋಡಿ ಕಲಿಸುವ ತರಗತಿಗಳು ನಡೆಯುತ್ತವೆ. ರಜೆಯ ದಿನಗಳಲ್ಲಿ ನಾವು ಹೋಗತೊಡಗಿದ್ದೇವೆ. ಆ ನೋಟುಬುಕ್ಕಿನ ಉಳಿದರ್ಧವನ್ನು ತುಂಬಿಸಬೇಕಾಗಿದೆ.